ಸಹಾಯ ಬೇಕು: ರಾತ್ರಿ ಪಿಓಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಹೋಗುವ ಪವರ್) ಆಫ್ ಮಾಡಿದ ಮೇಲೆ ಬೆಳಿಗ್ಗೆ ವೈ-ಫೈ ಆಕ್ಸೆಸ್ ಪಾಯಿಂಟ್‌ಗಳಿಗೆ ಪೂರ್ತಿ ಪವರ್ ಸಿಗುತ್ತಿಲ್ಲ

ನಮಸ್ಕಾರ. ಆರು ಮಹಡಿ ಕಟ್ಟಡ, ಮಹಡಿಗೆ ಎರಡು 48 ಪೋರ್ಟ್ ಪಿಓಇ ಸ್ವಿಚ್, ಅರ್ಧಕ್ಕಿಂತ ಹೆಚ್ಚು ಪೋರ್ಟ್ ಖಾಲಿ. ವಿದ್ಯುತ್ ಉಳಿಸಲು ಹೊರಟಿದ್ದೇವೆ, ಆದರೆ ಖಾಲಿ ಪೋರ್ಟ್ ಮುಚ್ಚಿದರೆ ಉಳಿತಾಯ ಅಷ್ಟಕ್ಕಷ್ಟೇ. ಫ್ಯಾನು, ಪವರ್ ಸಪ್ಲೈ ಹೇಗೂ ಓಡುತ್ತಿರುತ್ತವೆ. ಅದಕ್ಕೇ ಮಹಡಿಗೆ ಒಂದೇ ಸ್ವಿಚ್ ಉಳಿಸುತ್ತಿದ್ದೇವೆ. ಕೇಬಲ್ ಕೀಳುವುದಿಲ್ಲ: ಕ್ಯಾಟ್ 5ಇ ಮೇಲೆ 2.5 ಗಿಗಾಬಿಟ್ 100 ಮೀಟರ್‌ವರೆಗೂ ಬರುತ್ತದೆ, ವೈ-ಫೈಗೆ ಧಾರಾಳ.

ತೊಡಕಿರುವುದು ಇಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಆಕ್ಸೆಸ್ ಪಾಯಿಂಟ್‌ಗಳಿಗೆ ಪಿಓಇ ಆರಿಸುತ್ತೇವೆ (ಕ್ಯಾಮೆರಾ, ಬಾಗಿಲ ಬೀಗ, ತುರ್ತು ಫೋನ್ ಮುಟ್ಟುವುದಿಲ್ಲ). ಬೆಳಿಗ್ಗೆ ಎಲ್ಲ ಒಟ್ಟಿಗೆ ಎದ್ದಾಗ ಕೆಲವು 15.4 ವ್ಯಾಟ್‌ನಲ್ಲೇ ನಿಂತು ಒಂದು ರೇಡಿಯೊ (ವೈ-ಫೈ ಸಿಗ್ನಲ್ ಕಳಿಸುವ ಭಾಗ) ಮುಚ್ಚಿಬಿಡುತ್ತವೆ. ಎಲ್‌ಎಲ್‌ಡಿಪಿಯಲ್ಲಿ (ಸ್ವಿಚ್ ಜೊತೆ ಸಂದೇಶ ಹಂಚಿಕೊಳ್ಳುವ ಪ್ರೊಟೊಕಾಲ್) ಹೆಚ್ಚಿನ ಪವರ್ ಕೇಳುವುದು ಎಲ್ಲೋ ತಪ್ಪುತ್ತಿದೆ ಅನ್ನಿಸುತ್ತದೆ. ಆ ಪೋರ್ಟನ್ನಷ್ಟೇ ಆಫ್ ಮಾಡಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆ.

ಪ್ರತಿ ಪೋರ್ಟ್‌ಗೂ 30 ವ್ಯಾಟ್ ಖಾಯಂ ಮೀಸಲಿಡಬಹುದು, ಆದರೆ ಸ್ವಿಚ್ ಒಟ್ಟು ಕೊಡಬಲ್ಲ 370 ವ್ಯಾಟ್ ಬಜೆಟ್ 12 ಪೋರ್ಟ್‌ಗೇ ಮುಗಿಯಿತು. ನಾಲ್ಕು ನಾಲ್ಕು ಪೋರ್ಟ್‌ನಂತೆ ಬಿಡುವು ಕೊಟ್ಟು ಹಚ್ಚಿದವರಿದ್ದಾರೆಯೇ? ಎಷ್ಟು ಸೆಕೆಂಡ್ ಅಂತರ ಸಾಕಾಯಿತು?

ಇನ್ನೊಂದು: ರ‍್ಯಾಕ್ ಕೋಣೆಯ ಎಸಿಯನ್ನು 27 ಡಿಗ್ರಿಗೆ ಏರಿಸಬೇಕು. ಸ್ವಿಚ್‌ಗಳಿಗೆ ತೊಂದರೆಯಿಲ್ಲ, ಅಲ್ಲೇ ಇರುವ ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಯದ್ದೇ ಚಿಂತೆ. ಬ್ಯಾಟರಿ ಬೇರೆಡೆ ಸಾಗಿಸಿದವರು ಡಿಸಿ ಕೇಬಲ್ ಎಷ್ಟು ದಪ್ಪ ಹಾಕಿದಿರಿ, ದಯವಿಟ್ಟು ತಿಳಿಸಿ.