ಸಹಾಯ ಬೇಕು: ಕೆಲಸ ಹೋದವರಿಗೆ ಬರುವ ಇಎಸ್‌ಐ (ನೌಕರರ ವಿಮೆ) ಹಣ ಇಲ್ಲಿ ಯಾರಾದರೂ ಪಡೆದಿದ್ದೀರಾ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದೆ. ಮಳೆ ಹಿಡಿದ ಮೇಲೆ ಬುಕ್ಕಿಂಗ್ ಇಲ್ಲ ಅಂತ ನಮ್ಮನ್ನೆಲ್ಲ ಬಿಡಿಸಿದರು.

ಸಂಬಳದಲ್ಲಿ ವರ್ಷಗಟ್ಟಲೆ ಇಎಸ್‌ಐ ಹಿಡಿದಿದ್ದಾರೆ. ಇಎಸ್‌ಐನದೇ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ದಿನದ ಸರಾಸರಿ ಸಂಬಳದ ಶೇ. 50ರಂತೆ 90 ದಿನದವರೆಗೆ ಹಣ ಸಿಗುತ್ತೆ, ಅದೂ ಜೀವಮಾನದಲ್ಲಿ ಒಂದೇ ಸಲ. (ಯುವನಿಧಿಗೆ ಹಾಕು ಅನ್ನೋರಿಗೆ: ಅದು ಈಗಷ್ಟೇ ಡಿಗ್ರಿ, ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ. ನನಗೆ ನಲವತ್ತು ದಾಟಿದೆ!)

ತೊಡಕು ಬೇರೆ ಇದೆ. ಪೋರ್ಟಲ್‌ನಲ್ಲಿ ನಾನಿನ್ನೂ ಕೆಲಸದಲ್ಲೇ ಇರೋ ಹಾಗೆ ತೋರಿಸ್ತಿದೆ. ಕೇಳಿದರೆ ಆಫೀಸಿನವರು, "ಮೊದಲು ರಾಜೀನಾಮೆ ಬರೆದುಕೊಡಿ ಅಕ್ಕ, ಆಮೇಲೆ ಸೆಟ್ಲ್‌ಮೆಂಟ್" ಅಂತಾರೆ. ಟೈಪ್ ಮಾಡಿಟ್ಟ ಹಾಳೆಯಲ್ಲಿ "ಸ್ವಂತ ಇಚ್ಛೆಯಿಂದ" ಅಂತಿತ್ತು. ತಾನಾಗಿ ಕೆಲಸ ಬಿಟ್ಟವರಿಗೆ ಈ ಹಣ ಇಲ್ಲ, ಹಾಗಾಗಿ ಸಹಿ ಹಾಕಿಲ್ಲ.

ಈ ದಾರಿಯಲ್ಲಿ ಹೋಗಿ ಬಂದವರು ಹೇಳಿ: ಮಾಲೀಕರು ಪೋರ್ಟಲ್‌ನಲ್ಲಿ ಕೆಲಸದಿಂದ ಬಿಡಿಸಿದ ದಿನಾಂಕ ಹಾಕದಿದ್ದರೆ ದೂರು ಎಲ್ಲಿ ಕೊಟ್ಟಿರಿ? ಆನ್‌ಲೈನ್ ಅರ್ಜಿ ಸಾಕಾಯಿತಾ, ಮೈಸೂರಿನ ಇಎಸ್‌ಐ ಕಚೇರಿಗೆ ಹೋಗಲೇಬೇಕಾ? ಈ ಮಳೆಯಲ್ಲಿ ಸುಮ್ಮನೆ ಓಡಾಡೋಕೆ ಬಸ್ ಚಾರ್ಜೂ ಲೆಕ್ಕ ಹಾಕಬೇಕು.

ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡ್ತಿವೆ. ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.