ಹನ್ನೊಂದು ಇಂಚಿನ ಜಗಳ

ಗುಂಪು: ಮೆಕ್ಯಾನಿಕಲ್ ಗೆಳೆಯರು

ಸತೀಶ: (ಫೋಟೊ: 1976 ಮತ್ತು 1977ರ ಶೆವ್ರೊಲೆ ಕ್ಯಾಪ್ರಿಸ್, ಅಕ್ಕಪಕ್ಕ)
ನೋಡ್ರೋ. ಹಡಗಿನಂಥ ಕಾರನ್ನು ಒಂದೇ ವರ್ಷದಲ್ಲಿ ಹೇಗೆ ಕುಗ್ಗಿಸಿಬಿಟ್ಟರು! ಅಮೆರಿಕದ ದೊಡ್ಡ ಸೆಡಾನ್ ಅವತ್ತೇ ಸತ್ತಿತು.

ರಾಜು: ಎಲ್ಲಾ 1973ರ ಪೆಟ್ರೋಲ್ ಅಭಾವದ ಕೃಪೆ 😀

ವೀಣಾ: ಸತ್ತಿತು ಅಂತ ಯಾರು ಹೇಳಿದ್ದು? ಉದ್ದ ಸುಮಾರು 11 ಇಂಚು, ತೂಕ ಸುಮಾರು 300 ಕೆಜಿ ಇಳಿಯಿತು, ಸರಿ. ಆದರೆ ಒಳಗೆ ತಲೆಯ ಮೇಲೆ ಜಾಗ ಜಾಸ್ತಿಯಾಯಿತು. ಡಿಕ್ಕಿಯೂ ದೊಡ್ಡದಾಯಿತು. ಕತ್ತರಿ ಬಿದ್ದದ್ದು ಸುಮ್ನೆ ಚಾಚಿಕೊಂಡಿದ್ದ ಭಾಗಕ್ಕೆ. ಮಾರಾಟ ಏರಿತು. ಮೋಟಾರ್ ಟ್ರೆಂಡ್ ಪತ್ರಿಕೆ ಅದನ್ನೇ ವರ್ಷದ ಕಾರು ಅಂತ ಆರಿಸಿತು.

ಸತೀಶ: ಪತ್ರಿಕೆ ಮಾತು ಬಿಡು. ಆ ವರ್ಷ ಫೋರ್ಡ್‌ನವರು ತಮ್ಮ ದೊಡ್ಡ ಕಾರು ಎಲ್‌ಟಿಡಿಯನ್ನು ಹಳೇ ಗಾತ್ರದಲ್ಲೇ ಇಟ್ಟುಕೊಂಡು, ಅದರ ಗಾತ್ರ ತೋರಿಸಿಯೇ ಜಾಹೀರಾತು ಹಾಕಲಿಲ್ವಾ? ಜನ ಕೊಂಡರಲ್ಲ!

ವೀಣಾ: ಕೊಂಡರು. 1979ಕ್ಕೆ ಫೋರ್ಡೂ ಕುಗ್ಗಿಸಿತು. 1975ರ ಕಾನೂನು ಇತ್ತಲ್ಲ? ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜು 1978ಕ್ಕೆ ಗ್ಯಾಲನ್ನಿಗೆ 18 ಮೈಲಿ ಬರಬೇಕು, 1985ಕ್ಕೆ 27.5. ಆ ಹಳೇ ದೇಹ ಹೊತ್ತುಕೊಂಡು ಎಲ್ಲಿ ಬರುತ್ತೆ?

ನಾಗರಾಜ: ಇಲ್ಲಿ ಡೆಟ್ರಾಯಿಟ್ ಕಡೆ ಹಳಬರು 1977ನ್ನು ಬೈಯುವುದಿಲ್ಲ ಕಣೋ ಸತೀಶ. ಬೈಯುವುದು 1985ನ್ನು. ಕ್ಯಾಡಿಲಾಕ್ ಡಿವಿಲ್‌ನ ಎಂಜಿನ್ ಅಡ್ಡ ಕೂರಿಸಿ, ಮುಂದಿನ ಚಕ್ರಕ್ಕೆ ಶಕ್ತಿ ಕೊಟ್ಟು, ಉದ್ದ 2 ಅಡಿಯಷ್ಟು ಕಡಿದರು. ಶೆವ್ರೊಲೆ ಮಾಡುವ ಜನರಲ್ ಮೋಟಾರ್ಸ್‌ನದ್ದೇ ಆದ ಕ್ಯಾಡಿಲಾಕ್, ಬ್ಯೂಕ್, ಓಲ್ಡ್ಸ್‌ಮೊಬೀಲ್ ಮೂರೂ ಒಂದೇ ಥರ ಕಂಡವು. ಎದುರಾಳಿ ಫೋರ್ಡ್‌ನ ಲಿಂಕನ್‌ನವರು ಟೀವಿ ಜಾಹೀರಾತಿನಲ್ಲಿ ಅದನ್ನೇ ಆಡಿಕೊಂಡರು.

ರಾಜು: ಹಾಗಾದರೆ ಕೊಂದದ್ದು 1985?

ವೀಣಾ: ಅದೂ ಅಲ್ಲ. ಪಿಕಪ್ಪು, ಎಸ್‌ಯುವಿಗಳು ಕಾನೂನಿನ ಲೆಕ್ಕದಲ್ಲಿ ಟ್ರಕ್ಕು. ಅವಕ್ಕೆ ಮೈಲೇಜಿನ ಮಿತಿ ಸಡಿಲ. ದೊಡ್ಡದು ಬೇಕೆಂದವರು ಅತ್ತ ಹೋದರು. ಕ್ಯಾಪ್ರಿಸ್ 1996ರಲ್ಲಿ ನಿಂತಿತು. ಅದನ್ನು ಮಾಡುತ್ತಿದ್ದ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯಲ್ಲೇ ಆಮೇಲೆ ತಾಹೋ ಎಂಬ ದೊಡ್ಡ ಎಸ್‌ಯುವಿ ತಯಾರಾಯಿತು. ಪೆಟ್ರೋಲ್ ಉಳಿಯಲಿ ಅಂತ ತಂದ ಕಾನೂನು ಜನರನ್ನು ಟ್ರಕ್ಕಿಗೆ ಹತ್ತಿಸಿತು ನೋಡು.

ಸತೀಶ: ಏನೇ ಹೇಳಿ, 1976ರದ್ದೇ ಚೆಂದ. ನನಗೆ ಅದೇ ಬೇಕು.

ರಾಜು: ಹದಿನೆಂಟೂವರೆ ಅಡಿ ಇದೆ ಮಾರಾಯ. ನಿಮ್ಮನೆ ಗೇಟು ಮುಚ್ಚುತ್ತಾ?

ಸತೀಶ: ಗೇಟು ತೆಗೆಸ್ತೀನಿ.