ಪದಚರ್ಚೆ: ಫಲಕದ ಮೇಲೆ ಸಿಪಿಆರ್‌ಗೆ ಏನೆಂದು ಬರೆಯುವುದು? (ಉತ್ತರ)

ಮಾನ್ಯರೇ,

ಕಾರ್ಖಾನೆಯ ಕ್ಯಾಂಟೀನಿನ ಗೋಡೆಗೆ ಪ್ರಥಮ ಚಿಕಿತ್ಸೆಯ ಫಲಕ ಬರೆಸಬೇಕಾಗಿದೆ, ನಾಳಿದ್ದು ಪೇಂಟರ್ ಬರುತ್ತಾರೆ, ಸಿಪಿಆರ್‌ಗೆ (ಹೃದಯ ನಿಂತವರ ಎದೆಯನ್ನು ಮೇಲಿಂದ ಮೇಲೆ ತಗ್ಗಿಸಿ ರಕ್ತ ಓಡಿಸುವ ಪ್ರಥಮ ಚಿಕಿತ್ಸೆಗೆ) ಒಂದು ಒಳ್ಳೆಯ ಕನ್ನಡ ಪದ ಬೇಕು ಎಂದು ಕೇಳಿದ ಗೆಳೆಯರಿಗೆ ಇದುವರೆಗೆ ಹನ್ನೊಂದು ಉತ್ತರಗಳು ಬಂದಿವೆ. ಹನ್ನೊಂದೂ ನಾಮಪದಗಳು. ಜೊತೆಗೆ ಕೆಲಸ ಮಾಡುವವನು ಊಟದ ತಟ್ಟೆಯ ಮುಂದೆಯೇ ಕುಸಿದು ಬಿದ್ದಾಗ ಗೋಡೆ ನೋಡುವವನಿಗೆ ಬೇಕಾದದ್ದು ಕ್ರಿಯಾಪದ ಎಂಬುದು ಈ ಬಳಗದಲ್ಲಿ ಯಾರಿಗೂ ಹೊಳೆಯದಿರುವುದು ನನಗೆ ಆಶ್ಚರ್ಯವನ್ನುಂಟುಮಾಡಿದೆ.

ಬಂದಿರುವ ಪದಗಳನ್ನು ಬೇಗ ಮುಗಿಸುತ್ತೇನೆ. 'ಹೃದಯ-ಶ್ವಾಸಕೋಶ ಪುನಶ್ಚೇತನ' ಎಂಬುದು ಪತ್ರಿಕೆಗಳಲ್ಲಿ ಓಡಾಡುತ್ತಿರುವ ರೂಪ, ಸಂಧಿಯಲ್ಲಿ ದೋಷವಿಲ್ಲ. ಆದರೆ ಪುನಶ್ಚೇತನ ಈಗ ಶಿಕ್ಷಕರ ಶಿಬಿರಕ್ಕೂ ಕೆರೆಯ ಹೂಳೆತ್ತುವ ಯೋಜನೆಗೂ ಮೀಸಲಾದ ಪದ, ಅದರಲ್ಲಿ ಅವಸರದ ಸುಳಿವೇ ಇಲ್ಲ. 'ಗುಂಡಿಗೆಯೊತ್ತು' ಎಂದು ಸೂಚಿಸಿದವರು ಅದನ್ನು ವಾಕ್ಯದಲ್ಲಿ ಬಳಸಿ ನೋಡಿಲ್ಲ. 'ಗುಂಡಿಗೆ ಒತ್ತಿ' ಎಂದು ಬರೆದರೆ ಓದುವವರಲ್ಲಿ ಅರ್ಧದಷ್ಟು ಜನ ಲಿಫ್ಟಿನ ಗುಂಡಿಯನ್ನು ಹುಡುಕುತ್ತಾರೆ, ಉಳಿದವರು ಹೃದಯ ಎಡಕ್ಕಿದೆಯೆಂದು ಎಡಪಕ್ಕೆಯ ಮೇಲೆ ಕೈಯಿಡುತ್ತಾರೆ. ಒತ್ತಬೇಕಾದದ್ದು ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ.

ಇನ್ನು 'ಮರುಜೇವಣಿ'. ಸಂಸ್ಕೃತದ ಸೋಂಕಿಲ್ಲದ ಅಚ್ಚಗನ್ನಡ ಪದವೆಂದು ಇದನ್ನು ಎರಡು ಪುಟಗಳಷ್ಟು ಸಮರ್ಥಿಸಲಾಗಿದೆ. 'ಮರು' ನಮ್ಮದು, ಒಪ್ಪಿದೆ. 'ಜೇವಣಿ'ಯೊಳಗೆ ಕುಳಿತಿರುವುದು ಸಂಸ್ಕೃತದ 'ಜೀವನಿ'. ತದ್ಭವ ಪ್ರಕರಣವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಿರಲಿ, ಮರುಜೇವಣಿಯೆಂದರೆ ಸಂಜೀವಿನಿ, ಒಂದು ಮೂಲಿಕೆ. ಫಲಕವನ್ನು ಓದಿ ಕಷಾಯಕ್ಕೆ ನೀರಿಡುವವರು ಹುಟ್ಟಿಕೊಂಡರೆ ಯಾರು ಹೊಣೆ?

ನಾನು ಇಷ್ಟು ಖಾರವಾಗಿ ಬರೆಯಲು ಕಾರಣವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಒಂದು ಕರಪತ್ರವನ್ನು ಅನುವಾದಿಸುವಾಗ ನಾನು 'ಹೃದಯದ ಮಾಲೀಸು' ಎಂದು ಬರೆದಿದ್ದೆ. ಮೂಲದಲ್ಲಿಯೂ ಹಾಗೆಯೇ ಇತ್ತು. 1960ರಲ್ಲಿ ಅಮೆರಿಕದ ವೈದ್ಯಕೀಯ ವಿದ್ಯಾಸಂಸ್ಥೆ ಜಾನ್ಸ್ ಹಾಪ್ಕಿನ್ಸ್‌ನಿಂದ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಈ ವಿಧಾನದ ಬಗ್ಗೆ ಪ್ರಕಟಿಸಿದ ಹೆಸರಾಂತ ಲೇಖನದ ಶೀರ್ಷಿಕೆಯಲ್ಲಿಯೇ 'ಮಸಾಜ್' ಎಂಬ ಪದವಿದೆ. ತರಬೇತಿಯ ದಿನ ರಬ್ಬರಿನ ಬೊಂಬೆಯ ಪಕ್ಕದಲ್ಲಿ ಮಂಡಿಯೂರಿದ ಅಡುಗೆಯವರೊಬ್ಬರು ನನ್ನ ಕರಪತ್ರವನ್ನು ತುಟಿಯಲ್ಲಾಡಿಸಿ ಒಮ್ಮೆ ಓದಿಕೊಂಡರು. ಆಮೇಲೆ ಎರಡೂ ಅಂಗೈಗಳನ್ನು ಬೊಂಬೆಯ ಎದೆಯ ಮೇಲಿಟ್ಟು, ಕೂಸಿಗೆ ಹರಳೆಣ್ಣೆ ತಿಕ್ಕುವ ಹಾಗೆ ಮೆಲ್ಲಗೆ ಸುತ್ತಲೂ ಸವರತೊಡಗಿದರು. ಉಳಿದವರೆಲ್ಲ ನಕ್ಕರು. ಅವರು ಮಾಡಿದ್ದು ನಾನು ಬರೆದದ್ದನ್ನೇ.

ಆದ್ದರಿಂದ ಕ್ರಿಯಾಪದದ ಆಯ್ಕೆಯೇ ಇಲ್ಲಿ ಮುಖ್ಯ. ಮೊದಲು ನಾಲಿಗೆಗೆ ಬರುವುದು 'ಒತ್ತು'. ಆದರೆ ನಮ್ಮ ಮನೆಗಳಲ್ಲಿ ಒತ್ತುವುದು ಕಾಲನ್ನು, ತಲೆಯನ್ನು. ಅದು ಸೇವೆಯ ಒತ್ತು, ನೋಯಿಸಬಾರದೆಂಬ ಒತ್ತು. ಕರೆಗಂಟೆಯನ್ನು ಒತ್ತಲು ಒಂದು ಬೆರಳು ಸಾಕು. ವಯಸ್ಕರ ಎದೆ ಎರಡು ಇಂಚಿನಷ್ಟು ತಗ್ಗಬೇಕಾದ ಕಡೆ, ಅದೂ ನಿಮಿಷಕ್ಕೆ 100ರಿಂದ 120 ಬಾರಿ ತಗ್ಗಬೇಕಾದ ಕಡೆ, ಆ ಮೆದುತನ ಕೆಲಸಕ್ಕೆ ಬಾರದು. 'ಅದುಮು' ಬಲವುಳ್ಳ ಪದ, ಆದರೆ ಅದುಮಿದ್ದು ಕೆಳಗೇ ಉಳಿಯುತ್ತದೆ. ಕೋಪವನ್ನು ಅದುಮಿಕೊಳ್ಳುತ್ತೇವೆ, ದಂಗೆಯನ್ನು ಅದುಮುತ್ತೇವೆ. ಸಿಪಿಆರ್‌ನಲ್ಲಿ ಪ್ರತಿಸಲವೂ ಎದೆ ಪೂರ್ತಿ ಮೇಲೇಳದಿದ್ದರೆ ಹೃದಯದೊಳಕ್ಕೆ ಮತ್ತೆ ರಕ್ತ ತುಂಬಿಕೊಳ್ಳುವುದಿಲ್ಲ. ಖಾಲಿ ಚೀಲವನ್ನು ಎಷ್ಟು ಅದುಮಿ ಏನು ಫಲ?

ನನ್ನ ಆಯ್ಕೆ 'ಅಮುಕು'. ತಮಿಳು, ಮಲಯಾಳಗಳಲ್ಲಿ 'ಅಮುಕ್ಕು' ಎಂದು ಇಂದಿಗೂ ನಿತ್ಯಬಳಕೆಯಲ್ಲಿರುವ ಧಾತುವಿದು. 'ಅವುಕು' ಎನ್ನುವ ಕಡೆಯವರಿಗೂ ಅರ್ಥವಾಗುತ್ತದೆ. ಮೂಟೆಯೊಳಗೆ ಹತ್ತಿಯನ್ನು ಅಮುಕುವವನು ಬೆರಳಿನಿಂದ ಅಮುಕುವುದಿಲ್ಲ, ಮೊಣಕೈ ಮಡಿಸದೆ ಮೈಭಾರವನ್ನೆಲ್ಲ ಹಾಕಿ ಅಮುಕುತ್ತಾನೆ. ಇಲ್ಲಿ ಬೇಕಾಗಿರುವ ಭಂಗಿಯೂ ಅದೇ. 'ಅಮುಕಿ ಬಿಡಿ' ಎಂದರೆ, ತಗ್ಗಿಸುವುದು ಮತ್ತು ಏಳಗೊಡುವುದು ಎರಡೂ ಎರಡೇ ಪದಗಳಲ್ಲಿ ಬಂದವು. 'ಬಿಡು'ವನ್ನು ಇಲ್ಲಿ ಸಹಾಯಕ ಕ್ರಿಯಾಪದವಾಗಿ ('ಅಮುಕಿಬಿಡಿ', ಅಂದರೆ ಒಂದು ಸಲ ಅಮುಕಿ ಮುಗಿಸಿ ಎಂದು) ಓದಿಕೊಳ್ಳುವ ಅಪಾಯವಿದೆಯಲ್ಲ ಎಂದು ವ್ಯಾಕರಣಪ್ರಿಯರು ಕೇಳಬಹುದು. ಇದೆ. 'ಅಮುಕಿ, ಬಿಡಿ, ಅಮುಕಿ, ಬಿಡಿ' ಎಂದು ಅಲ್ಪವಿರಾಮ ಹಾಕಿ ಎರಡು ಸಲ ಬರೆಸಿದರೆ ಆ ಅಪಾಯ ತಪ್ಪುತ್ತದೆ, ಲಯವೂ ಸಿಗುತ್ತದೆ.

ಹಾಗಾದರೆ ಹೆಸರು? ಸಿಪಿಆರ್ ಎಂದೇ ಇರಲಿ. ತರಬೇತಿ ಕೊಡುವವರು ಅದನ್ನೇ ಹೇಳುತ್ತಾರೆ, ಆಂಬುಲೆನ್ಸಿನವರೂ ಅದನ್ನೇ ಕೇಳುತ್ತಾರೆ. ಎರವಲಿನ ವಿರುದ್ಧ ಯುದ್ಧ ಹೂಡಲು ಬೇರೆ ಎಷ್ಟೋ ರಣರಂಗಗಳಿವೆ. ಬರವಣಿಗೆಯಲ್ಲಿ ಮಹಾಪ್ರಾಣ ಬೇಡವೆನ್ನುವವರು ಕೂಡ ಪ್ರಾಣ ಬೇಡವೆನ್ನಲಾರರು. ಆದರೆ ಜನ 'ಸಿಪಿಆರ್ ಕೊಡು' ಎನ್ನುವುದಕ್ಕೆ ನನ್ನ ತಕರಾರಿದೆ. ಇಂಜೆಕ್ಷನ್ ಕೊಡುವುದು, ಔಷಧ ಕೊಡುವುದು ಬಲ್ಲವರ ಕೆಲಸ. 'ಕೊಡು' ಎಂದೊಡನೆ ಪಕ್ಕದಲ್ಲಿ ನಿಂತವನು ಡಾಕ್ಟರು ಬರಲಿ ಎಂದು ಹಿಂದೆ ಸರಿಯುತ್ತಾನೆ. 'ಮಾಡು' ಎಂದು ಬರೆಯಿರಿ.

ಪ್ರಶ್ನೆಯ ಜೊತೆಗೆ ಲಗತ್ತಿಸಿದ್ದ ಕರಡಿನಲ್ಲಿ ಇನ್ನೊಂದು ದೋಷವಿದೆ, ಅದನ್ನು ಯಾರೂ ಗಮನಿಸಿಲ್ಲ. 'ಉಸಿರಾಟ ನಿಂತಿದ್ದರೆ' ಎಂದಿದೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಬಿಟ್ಟು ಬಿಟ್ಟು ಬಾಯಿ ತೆರೆದು ಗೊರಗೊರನೆ ಉಸಿರೆಳೆಯುವುದುಂಟು. ನಮ್ಮಲ್ಲಿ ಇದಕ್ಕೆ ಪದವಿಲ್ಲವೆಂದಲ್ಲ. ಮೇಲುಸಿರು, ಊರ್ಧ್ವಶ್ವಾಸ ಎನ್ನುತ್ತೇವೆ, ಇನ್ನು ಮುಗಿಯಿತು ಎಂದು ಬಾಯಿಗೆ ನೀರು ಬಿಡುತ್ತೇವೆ. ವೈದ್ಯರ ಲೆಕ್ಕದಲ್ಲಿ ಅದು ಉಸಿರಾಟವೇ ಅಲ್ಲ, ಕೂಡಲೇ ಎದೆ ಅಮುಕಲು ತೊಡಗಬೇಕೆಂಬುದರ ಗುರುತು. ಬಾಯಿಗೆ ಏನನ್ನೂ ಹಾಕಬಾರದು. ಆದ್ದರಿಂದ 'ಸರಿಯಾಗಿ ಉಸಿರಾಡದಿದ್ದರೆ' ಎಂದಾಗಬೇಕು. ಆ 'ಸರಿಯಾಗಿ'ಯನ್ನು ಜಾಗ ಸಾಲದೆಂದು ಪೇಂಟರ್ ಬಿಡದಂತೆ ನೋಡಿಕೊಳ್ಳಿ.

ಹೃದಯಾಘಾತವೋ ಹೃದಯಸ್ತಂಭನವೋ ಎಂಬ ವಾದ ಫಲಕಕ್ಕೆ ಬೇಡ. ಮೊದಲನೆಯದು ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು, ಆಗ ರೋಗಿ ಮಾತನಾಡುತ್ತಲೂ ಇರಬಹುದು. ಎರಡನೆಯದು ಬಡಿತವೇ ನಿಲ್ಲುವುದು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಿನಿಂದ ಈ ಎರಡೂ ಪದಗಳು ಮನೆಮನೆಯ ಮಾತಾದವು, ಆದರೆ ಬೆರೆತೇ ಹೋದವು. ನೆಲದ ಮೇಲೆ ಬಿದ್ದವರಿಗೆ ಆದದ್ದೇನೆಂದು ನಿರ್ಣಯಿಸುವುದು ನೋಡುವವರ ಕೆಲಸವಲ್ಲ.

ನನ್ನ ಕರಡು ಹೀಗಿದೆ:

"ಕರೆದರೂ ಭುಜ ತಟ್ಟಿದರೂ ಎಚ್ಚರವಿಲ್ಲವೇ? ಸರಿಯಾಗಿ ಉಸಿರಾಡುತ್ತಿಲ್ಲವೇ? ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಸಿಪಿಆರ್ ಮಾಡಿ: ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ, ಜೋರಾಗಿ, ಬೇಗ ಬೇಗ ಅಮುಕಿ, ಬಿಡಿ, ಅಮುಕಿ, ಬಿಡಿ. ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ ನಿಲ್ಲಿಸಬೇಡಿ."

30 ಸಲ ಅಮುಕಿ ಎರಡು ಸಲ ಬಾಯಿಂದ ಉಸಿರು ತುಂಬುವ ಕ್ರಮವನ್ನು ತರಬೇತಿ ಪಡೆದವರಿಗೆ ಬಿಟ್ಟಿದ್ದೇನೆ. ತರಬೇತಿಯಿಲ್ಲದವರು ಬರೀ ಎದೆ ಅಮುಕುವುದೂ ಏನೂ ಮಾಡದಿರುವುದಕ್ಕಿಂತ ಎಷ್ಟೋ ಮೇಲು.

ಮರುಜೇವಣಿಯ ವ್ಯುತ್ಪತ್ತಿಯ ಬಗ್ಗೆ ಬರೆಯಬೇಕೆನ್ನುವವರು ದಯವಿಟ್ಟು ಬೇರೆ ಎಳೆ ತೆರೆಯಿರಿ, ಅಲ್ಲಿಗೆ ನಾನೂ ಬರುತ್ತೇನೆ. ಈ ಎಳೆಯಲ್ಲಿ ನಾಳೆ ಸಂಜೆಯೊಳಗೆ ಬೇಕಾದದ್ದು ಒಂದೇ: 'ಅಮುಕು' ಎಂದರೆ ಅರ್ಥವಾಗದ ಊರು ಯಾವುದಾದರೂ ಇದ್ದರೆ ತಿಳಿಸಿ.